ಚೈನ್‌ಸಾ ಕಿಕ್‌ಬ್ಯಾಕ್

ಚೈನ್‌ಸಾ ಕಿಕ್‌ಬ್ಯಾಕ್ ಎಂದರೆ ಮರ ಕೊಯ್ಯುವಾಗ ಚೈನ್‌ಸಾದ ಉದ್ದನೆಯ ಬಾರ್ ಥಟ್ಟನೆ ಮೇಲಕ್ಕೆದ್ದು ಹಿಡಿದವನ ಕಡೆಗೇ ತಿರುಗಿ ಬರುವುದು. ಮುಖ, ಕುತ್ತಿಗೆ ಮತ್ತು ಎಡಭುಜದ ಗಂಭೀರ ಗಾಯಗಳಿಗೆ ಇದು ಮುಖ್ಯ ಕಾರಣ. ಇಬ್ಬರು ಹೊರುತ್ತಿದ್ದ ಯಂತ್ರ ಒಬ್ಬನ ಕೈಗೆ ಬಂದಾಗ ಈ ಅಪಾಯ ದೊಡ್ಡದಾಯಿತು. ಅದನ್ನು ತಗ್ಗಿಸುವ ಸಾಧನಗಳು ಒಂದೊಂದಾಗಿ ಆಮೇಲೆ ಬಂದವು.

ಆಗುವ ಬಗೆ

ಸರಪಳಿ ಬಾರ್‌ನ ಮೇಲಂಚಿನಲ್ಲಿ ಮುಂದಕ್ಕೆ ಓಡಿ, ಅದರ ತುದಿಯಾದ ಮೂತಿಯನ್ನು ಸುತ್ತಿ, ಕೆಳಗಂಚಿನಲ್ಲಿ ಹಿಂದಕ್ಕೆ ಬರುತ್ತದೆ. ಮೂತಿಯ ಮೇಲಿನ ಕಾಲುಭಾಗ ಗಟ್ಟಿ ವಸ್ತುವಿಗೆ ತಾಗಿದರೆ ಹಲ್ಲು ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿದ್ದ ಸರಪಳಿಯ ಓಟ ಅಲ್ಲಿ ತಡೆಯಲ್ಪಟ್ಟು, ಅದರ ಶಕ್ತಿಯೆಲ್ಲ ಬಾರನ್ನು ಮೇಲಕ್ಕೂ ಹಿಂದಕ್ಕೂ ತಿರುಗಿಸುತ್ತದೆ. ಇದೆಲ್ಲ ಮುಗಿಯುವುದು ಸೆಕೆಂಡಿನ ಸಣ್ಣ ಭಾಗದಲ್ಲಿ. ಏನಾಯಿತೆಂದು ಗೊತ್ತಾಗಿ ಕೈ ಬಿಗಿಮಾಡುವಷ್ಟು ಪುರುಸೊತ್ತು ಸಿಗುವುದಿಲ್ಲ. ಕೊಯ್ದ ಸಂದು ಮುಚ್ಚಿಕೊಂಡು ಮೇಲಂಚಿನ ಸರಪಳಿ ಸಿಕ್ಕಿಕೊಂಡರೆ ಯಂತ್ರ ತಿರುಗದೆ ನೇರವಾಗಿ ಹಿಂದಕ್ಕೆ ನುಗ್ಗುತ್ತದೆ. ಇದು ಎರಡನೆಯ ಬಗೆ.

ಚೈನ್‌ಸಾ ಗಾಯ ಕತ್ತಿಯ ಗಾಯದಂತೆ ಸೀಳುವುದಿಲ್ಲ. ಸರಪಳಿ ತನ್ನ ಹಲ್ಲಿನ ಅಗಲದಷ್ಟು ಮಾಂಸವನ್ನೇ ಕಿತ್ತೊಯ್ಯುತ್ತದೆ; ಗಾಯದೊಳಗೆ ಎಣ್ಣೆ, ಮರದ ಹೊಟ್ಟು, ಬಟ್ಟೆಯ ಚೂರು ಸೇರಿಕೊಳ್ಳುತ್ತವೆ. ಹೀಗಾಗಿ ಅಂಚುಗಳನ್ನು ಕೂಡಿಸಿ ಹೊಲಿಯುವುದು ಕಷ್ಟ, ನಂಜಿನ ಭಯ ಹೆಚ್ಚು.

ಯಂತ್ರದ ಬೆಳವಣಿಗೆ

ಸರಪಳಿ ಗರಗಸದ ಮೊದಲ ರೂಪಗಳು ಆಸ್ಪತ್ರೆಗೆ ಸೇರಿದವು. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್ಕನ್ ಮತ್ತು ಜೇಮ್ಸ್ ಜೆಫ್ರಿ ಮೂಳೆ ಕೊಯ್ಯಲು ಕೈಯಿಂದ ಎಳೆಯುವ ಹಲ್ಲಿನ ಸರಪಳಿಯನ್ನು ಬಳಸಿದರು. 1830ರ ಸುಮಾರಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಹಿಡಿ ತಿರುಗಿಸಿ ಓಡಿಸುವ ಮೂಳೆ ಗರಗಸ ರೂಪಿಸಿದ. ಕಾಡಿಗೆ ಯಂತ್ರ ಬಂದದ್ದು 1920ರ ದಶಕದಲ್ಲಿ. ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ ಚೈನ್‌ಸಾವನ್ನೂ 1929ರಲ್ಲಿ ಪೆಟ್ರೋಲ್ ಚೈನ್‌ಸಾವನ್ನೂ ತಯಾರಿಸಿದ. ಜರ್ಮನಿಯಲ್ಲೇ ಎಮಿಲ್ ಲೆರ್ಪ್ 1927ರಲ್ಲಿ ಡೋಲ್ಮಾರ್ ಬೆಟ್ಟದ ಮೇಲೆ ತನ್ನ ಪೆಟ್ರೋಲ್ ಯಂತ್ರವನ್ನು ಪರೀಕ್ಷಿಸಿ, ಕಂಪನಿಗೆ ಆ ಬೆಟ್ಟದ ಹೆಸರನ್ನೇ ಇಟ್ಟ.

ಸ್ಟಿಲ್‌ನ 1929ರ ಯಂತ್ರ 46 ಕಿಲೋ ತೂಗುತ್ತಿತ್ತು. ಒಬ್ಬ ಎಂಜಿನ್ ಕಡೆ ಹಿಡಿದರೆ ಇನ್ನೊಬ್ಬ ಬಾರ್‌ನ ತುದಿಯ ಹಿಡಿಯನ್ನು ಹಿಡಿಯಬೇಕಿತ್ತು. ಮೂತಿಯೇ ಒಬ್ಬನ ಹಿಡಿತದಲ್ಲಿದ್ದುದರಿಂದ ಅದು ಹಾರುವ ಮಾತು ಅಷ್ಟಾಗಿ ಇರಲಿಲ್ಲ. ಅಮೆರಿಕದ ಮೆಕ್ಯುಲಕ್ ಕಂಪನಿ 1949ರಲ್ಲಿ ಸುಮಾರು 11 ಕಿಲೋದ ಯಂತ್ರವನ್ನು, ಸ್ಟಿಲ್ 1950ರಲ್ಲಿ 16 ಕಿಲೋದ ಯಂತ್ರವನ್ನು ಒಬ್ಬನ ಬಳಕೆಗೆ ತಂದವು. ತುದಿಯ ಹಿಡಿ ಹೋಯಿತು, ಮೂತಿ ಬರಿದಾಯಿತು. ಡಯಾಫ್ರಾಂ ಕಾರ್ಬ್ಯುರೇಟರ್ ಬಂದ ಮೇಲೆ ಎಂಜಿನ್ ಹೇಗೆ ವಾಲಿಸಿದರೂ ಓಡತೊಡಗಿ, ಯಂತ್ರವನ್ನು ಯಾವ ಕೋನದಲ್ಲಾದರೂ ಹಿಡಿಯುವ ಅನುಕೂಲವೂ ಅದರ ಅಪಾಯವೂ ಒಟ್ಟಿಗೆ ದಕ್ಕಿದವು.

ಸರಪಳಿಯೂ ಬದಲಾಯಿತು. ಅಮೆರಿಕದ ಆರೆಗನ್ ರಾಜ್ಯದ ಮರ ಕಡಿಯುವ ಕಸುಬಿನ ಜೋಸೆಫ್ ಬ್ಯೂಫರ್ಡ್ ಕಾಕ್ಸ್, ಕೊರಡಿನೊಳಗೆ ಎಡಕ್ಕೂ ಬಲಕ್ಕೂ ಕೊರೆಯುತ್ತಿದ್ದ ದುಂಬಿಯ ಮರಿಹುಳುವನ್ನು 1946ರಲ್ಲಿ ಗಮನಿಸಿ, ಅದರ ದವಡೆಯ ಮಾದರಿಯಲ್ಲಿ ಚಕ್ಕೆ ಎಬ್ಬಿಸುವ ಸರಪಳಿ ರೂಪಿಸಿದ. 1947ರಲ್ಲಿ ಪೋರ್ಟ್‌ಲೆಂಡಿನಲ್ಲಿ ಅದರ ತಯಾರಿಕೆ ಆರಂಭವಾಯಿತು. ಇಂಥ ಸರಪಳಿಯಲ್ಲಿ ಪ್ರತಿ ಹಲ್ಲಿನ ಮುಂದೆ ಒಂದು ಗುಬುಟು ಇರುತ್ತದೆ. ಹಲ್ಲು ಎಷ್ಟು ಆಳ ಕಚ್ಚಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಹಲವು ಸರಪಳಿಗಳಲ್ಲಿ ಹಲ್ಲಿಗೂ ಗುಬುಟಿಗೂ ಇರುವ ಎತ್ತರದ ಅಂತರ 0.6 ಮಿಲಿಮೀಟರ್‌ನಷ್ಟು ಮಾತ್ರ. ಬೇಗ ಕೊಯ್ಯಲೆಂದು ಈ ಗುಬುಟನ್ನು ಅರದಿಂದ ಮಿತಿಮೀರಿ ಉಜ್ಜಿದರೆ ಕಿಕ್‌ಬ್ಯಾಕ್ ಜೋರಾಗುತ್ತದೆ.

ತಡೆಯುವ ಸಾಧನಗಳು

ಮುಂದಿನ ಹಿಡಿಯೆದುರಿನ ಕೈರಕ್ಷೆ ಮೊದಲಿಗೆ ಕೈ ಜಾರಿ ಸರಪಳಿಗೆ ತಾಗದಂತೆ ತಡೆಯುವ ತಗಡಷ್ಟೇ ಆಗಿತ್ತು. 1970ರ ದಶಕದ ಆರಂಭದಲ್ಲಿ ತಯಾರಕರು ಅದಕ್ಕೆ ಬ್ರೇಕ್ ಜೋಡಿಸಿದರು. ಸ್ಟಿಲ್ ಕಂಪನಿಯ ಬ್ರೇಕ್ ಬಂದದ್ದು 1972ರಲ್ಲಿ. ಯಂತ್ರ ಮೇಲೆದ್ದಾಗ ರಕ್ಷೆ ಎಡಮಣಿಕಟ್ಟಿಗೆ ತಗುಲಿ ಮುಂದಕ್ಕೆ ತಳ್ಳಲ್ಪಡುತ್ತದೆ, ಕ್ಲಚ್ ಡ್ರಮ್ಮಿನ ಸುತ್ತಲ ಪಟ್ಟಿ ಬಿಗಿದು ಸರಪಳಿ ನಿಲ್ಲುತ್ತದೆ. ಕೈ ತಗುಲದಿದ್ದರೂ ಯಂತ್ರದ ಹಠಾತ್ ತಿರುಗುವಿಕೆಯಿಂದಲೇ ಬೀಳುವ ಬ್ರೇಕ್ ಆಮೇಲೆ ಸೇರಿತು. ಸಣ್ಣ ಮೂತಿಯ ಬಾರ್, ಇಳಿಜಾರು ಗುಬುಟಿನ ಸರಪಳಿ, ತುಂಡಾದ ಸರಪಳಿಯನ್ನು ಹಿಡಿಯುವ ಕೊಕ್ಕೆ ಜೊತೆಗೂಡಿದವು.

ಅಮೆರಿಕದಲ್ಲಿ 1985ರ ಎಎನ್‌ಎಸ್‌ಐ ಬಿ175.1 ಮಾನಕ ಸಣ್ಣ ಪೆಟ್ರೋಲ್ ಯಂತ್ರಗಳ ಕಿಕ್‌ಬ್ಯಾಕ್ ಕೋನಕ್ಕೆ 45 ಡಿಗ್ರಿಯ ಮಿತಿ ಹಾಕಿತು. ಅಲ್ಲಿನ ಕೆಲಸದ ಸುರಕ್ಷತೆಯ ಸರ್ಕಾರಿ ಸಂಸ್ಥೆ ಒಎಸ್‌ಎಚ್‌ಎ 1994ರಲ್ಲಿ ಮರಕಡಿತದ ನಿಯಮ ಪರಿಷ್ಕರಿಸಿ, ಹೊಸ ಯಂತ್ರಗಳಿಗೆ ಬ್ರೇಕನ್ನೂ ಕೆಲಸಗಾರರಿಗೆ ಕಾಲಿನ ರಕ್ಷಣೆಯನ್ನೂ ಕಡ್ಡಾಯ ಮಾಡಿತು. ರಕ್ಷಣಾ ಪ್ಯಾಂಟಿನೊಳಗಿನ ಉದ್ದನೆಯ ನಾರುಗಳು ಸರಪಳಿಗೆ ಸಿಕ್ಕಿ ಹೊರಬಂದು, ಸರಪಳಿಯನ್ನು ಓಡಿಸುವ ಹಲ್ಲುಗಾಲಿಗೆ ಸುತ್ತಿಕೊಂಡು ಯಂತ್ರವನ್ನೇ ಕಟ್ಟಿಹಾಕುತ್ತವೆ. ಆದರೂ ಅಮೆರಿಕದಲ್ಲಿ 2009–2013ರ ಐದು ವರ್ಷಗಳಲ್ಲಿ ಚೈನ್‌ಸಾ ಗಾಯದಿಂದ ತುರ್ತು ಚಿಕಿತ್ಸೆಗೆ ಬಂದವರು ಸುಮಾರು 1,16,000 ಎಂಬ ಅಂದಾಜಿದೆ. ಹೆಚ್ಚಿನವು ಕೈಬೆರಳು ಮತ್ತು ಮೊಣಕಾಲಿನ ಗಾಯಗಳು. ಹೆಚ್ಚು ಬಂದದ್ದು ಚಳಿಗೆ ಮುಂಚಿನ ಸೆಪ್ಟೆಂಬರ್–ನವೆಂಬರ್ ತಿಂಗಳುಗಳಲ್ಲಿ.

ಸೌದೆ ಕೊಯ್ಯುವಾಗ

ಸೌದೆಯ ರಾಶಿ ಕಿಕ್‌ಬ್ಯಾಕ್‌ಗೆ ಹೇಳಿ ಮಾಡಿಸಿದ ಜಾಗ: ಮುಂದಿನ ತುಂಡು ಕೊಯ್ಯುತ್ತಿರುವಾಗ ಮೂತಿ ಹಿಂದಿನ ಕೊರಡಿಗೆ ತಾಗುತ್ತದೆ. ಆದ್ದರಿಂದ ಒಂದೊಂದೇ ಕೊರಡನ್ನು ಹೊರಗೆಳೆದು, ಉರುಳದಂತೆ ಕವೆಯ ಮೇಲಿಟ್ಟು ಕೊಯ್ಯಬೇಕು. ಎರಡೂ ತುದಿಗೆ ಆಸರೆ ಇದ್ದರೆ ಮೊದಲು ಮೇಲಿನಿಂದ ಮೂರನೇ ಒಂದು ಭಾಗ, ಆಮೇಲೆ ಕೆಳಗಿನಿಂದ ಉಳಿದದ್ದು. ಒಂದೇ ಕಡೆ ಆಸರೆ ಇದ್ದರೆ ಇದಕ್ಕೆ ತಿರುವುಮುರುವು. ಹೀಗೆ ಮಾಡಿದರೆ ಸಂದು ಮುಚ್ಚಿ ಸರಪಳಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಬಳಸಿ ಹಿಡಿದಿರಬೇಕು, ಮೊಣಕೈ ಮಡಚಿರಬಾರದು. ತಲೆಯೂ ಕುತ್ತಿಗೆಯೂ ಬಾರ್‌ನ ನೇರಕ್ಕೆ ಬರದಂತೆ ಎಡಕ್ಕೆ ಸರಿದು ನಿಲ್ಲಬೇಕು. ಭುಜದೆತ್ತರಕ್ಕಿಂತ ಮೇಲೆ ಯಂತ್ರ ಎತ್ತುವುದು, ಒಂದು ಕೈಯಲ್ಲಿ ಕೊಯ್ಯುವುದು, ಕೈಯಲ್ಲಿ ತೂಗುಬಿಟ್ಟು ಸ್ಟಾರ್ಟ್ ಮಾಡುವುದು ಕೂಡದು. ಯಂತ್ರವನ್ನು ನೆಲಕ್ಕಿಟ್ಟು, ಬ್ರೇಕ್ ಹಾಕಿ, ಹಿಂದಿನ ಹಿಡಿಯನ್ನು ಬಲಗಾಲಿನಲ್ಲಿ ಒತ್ತಿಕೊಂಡು ಹಗ್ಗ ಎಳೆಯಬೇಕು. ಗಾಯವಾದರೆ ಶುಚಿಯಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿದು ಆಸ್ಪತ್ರೆಗೆ ಒಯ್ಯುವುದೇ ಮೊದಲ ಕೆಲಸ. ಹೀಗಾಗಿ ಒಂಟಿಯಾಗಿ ಈ ಕೆಲಸಕ್ಕೆ ಹೋಗಬಾರದು.

ಕರ್ನಾಟಕದಲ್ಲಿ

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳ ಮರಗಸಿಗೂ (ಮರದ ಕೊಂಬೆ ಸವರುವ ಕೆಲಸ) ಮಲೆನಾಡಿನಲ್ಲಿ ಮಳೆಗಾಲದಲ್ಲಿ ಬಿದ್ದ ಮರಗಳ ವಿಲೇವಾರಿಗೂ ಈಗ ಚೈನ್‌ಸಾ ಬಳಕೆಯಲ್ಲಿದೆ. ಮರ ಹತ್ತಿ ಕೊಂಬೆ ಕೊಯ್ಯುವಾಗ ಯಂತ್ರ ಭುಜದ ಮೇಲೇರುವುದು, ಒಂದು ಕೈ ಮರಕ್ಕೆ ಬೇಕಾಗುವುದು ಮರಗಸಿಯ ವಿಶೇಷ ಅಪಾಯ. ದಪ್ಪ ರಕ್ಷಣಾ ಪ್ಯಾಂಟು ಸೆಕೆಯ ಹವೆಯಲ್ಲಿ ಮೈ ಬೇಯಿಸುವುದರಿಂದ ಅದನ್ನು ತೊಡುವವರು ವಿರಳ. ಬ್ಯಾಟರಿ ಚೈನ್‌ಸಾಗಳಲ್ಲಿ ಹೊಗೆಯಿಲ್ಲ, ಸದ್ದು ಕಡಿಮೆ. ಆದರೆ ಸರಪಳಿಯೂ ಮೂತಿಯೂ ಹಳೆಯವೇ ಆದ್ದರಿಂದ ಕಿಕ್‌ಬ್ಯಾಕ್‌ನ ಎಲ್ಲ ಎಚ್ಚರಿಕೆಗಳೂ ಅವಕ್ಕೆ ಹಾಗೆಯೇ ಅನ್ವಯಿಸುತ್ತವೆ.