ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ

ರಾನಡೆಯವರ ಹೆಸರನ್ನು ಕೇಳಿದೊಡನೆ ಪ್ರಾರ್ಥನಾ ಸಮಾಜ, ವಿಧವಾ ವಿವಾಹದ ಚಳವಳಿ, ಗೋಖಲೆಯವರ ಗುರುತ್ವ ಇವು ನೆನಪಿಗೆ ಬರುವುದು ಸಹಜ. ಆದರೆ ಆ ಮಹನೀಯರು ಸುಮಾರು 30 ವರ್ಷಗಳನ್ನು ಸವೆಸಿದ್ದು ನ್ಯಾಯಾಂಗದ ಸೇವೆಯಲ್ಲಿ. ಅದರಲ್ಲಿಯೂ ಬಹುಭಾಗ ಹೈಕೋರ್ಟಿನಲ್ಲಲ್ಲ, ಜಿಲ್ಲೆಯ ಕಚೇರಿಗಳಲ್ಲಿ.

1842ರ ಜನವರಿ 18ರಂದು ನಾಸಿಕ ಜಿಲ್ಲೆಯ ನಿಫಾಡದಲ್ಲಿ ಜನಿಸಿ, ಕೊಲ್ಹಾಪುರದಲ್ಲಿ ಬೆಳೆದು, ಮುಂಬಯಿಯಲ್ಲಿ ವ್ಯಾಸಂಗ ಮುಗಿಸಿದ ಅವರು 1871ರಲ್ಲಿ ಪುಣೆಯ ಪ್ರಥಮ ದರ್ಜೆ ಸಬ್‌ಜಡ್ಜರಾದರು. ಅಂದಿನ ರೈತನ ಪಾಡು ಶೋಚನೀಯವಾಗಿತ್ತು. ಅಕ್ಷರವರಿಯದ ಒಕ್ಕಲಿಗನು ಸಾಲಪತ್ರಕ್ಕೆ ಗುರುತು ಹಾಕುವನು. ಬಡ್ಡಿ ಬೆಳೆದು ಹಳೆಯ ಪತ್ರದ ಬದಲು ಹೊಸದು ಹುಟ್ಟುವುದು. ಸಾಹುಕಾರನು ಅದನ್ನು ಕೋರ್ಟಿಗೆ ಒಯ್ದರೆ, ಎದುರುಪಕ್ಷದವನು ಹಾಜರಿಲ್ಲದೆಯೇ ಡಿಕ್ರಿಯಾಗುವುದು. ನ್ಯಾಯಾಧೀಶನು ಪತ್ರವನ್ನು ನೋಡಬಲ್ಲವನಾಗಿದ್ದನೇ ಹೊರತು ಪತ್ರದ ಹಿಂದಿನ ಕಥೆಯನ್ನಲ್ಲ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದು ಸಾಲಪತ್ರಗಳನ್ನು ಸುಟ್ಟರು. ಗಲಭೆ ಬೇರೆ ಹಳ್ಳಿಗಳಿಗೂ ಹಬ್ಬಿತು. ಸುಡಲು ಅವರು ಆರಿಸಿಕೊಂಡದ್ದು ಬಹುಮಟ್ಟಿಗೆ ಕಾಗದಗಳನ್ನೇ ಎಂಬುದು ಗಮನಾರ್ಹ.

ಇದರ ಫಲವಾಗಿ 1879ರಲ್ಲಿ ದಖ್ಖನದ ಕೃಷಿಕರ ಸಾಲ ಪರಿಹಾರದ ಶಾಸನವು ಬಂದಿತು. ಸಾಲದ ಪೂರ್ವವೃತ್ತಾಂತವನ್ನು ಮೂಲದಿಂದ ಶೋಧಿಸುವ ಅಧಿಕಾರ ಕೋರ್ಟಿಗೆ ದೊರೆಯಿತು. ಸಾಲವನ್ನು ಕಂತುಗಳಲ್ಲಿ ತೀರಿಸಲು ಅವಕಾಶವಾಯಿತು. ಹಣದ ಡಿಕ್ರಿಗಾಗಿ ರೈತನನ್ನು ಸೆರೆಮನೆಗೆ ತಳ್ಳುವ ಪದ್ಧತಿ ನಿಂತಿತು. ಮೊದಲಿಗೆ ಪುಣೆ, ಸಾತಾರಾ, ಅಹಮದನಗರ, ಸೊಲ್ಲಾಪುರ ಜಿಲ್ಲೆಗಳಿಗೆ ಅನ್ವಯಿಸಿದ ಈ ಶಾಸನದ ಜಾರಿಯನ್ನು ನೋಡಿಕೊಳ್ಳಲು ವಿಶೇಷ ನ್ಯಾಯಾಧೀಶರ ಹುದ್ದೆಯನ್ನು ನಿರ್ಮಿಸಲಾಯಿತು.

ವಿಧಿಯ ವಿಚಿತ್ರವನ್ನು ನೋಡಿರಿ! ಅದೇ 1879ರಲ್ಲಿ ವಾಸುದೇವ ಬಲವಂತ ಫಡಕೆಯವರ ಬಂಡಾಯದ ನಿಮಿತ್ತ ಸರಕಾರದ ಸಂಶಯವು ರಾನಡೆಯವರ ಮೇಲೂ ಬಿದ್ದಿತ್ತು. ಅವರನ್ನು ನಾಸಿಕದಿಂದ ದೂರದ ಧುಳೆಗೆ ವರ್ಗಾಯಿಸಿದರು. ಅವರಿಗೆ ಬಂದ ಅಂಚೆಯನ್ನು ಒಡೆದು ಓದುತ್ತಿದ್ದರು. ಅವರು ರಾಜೀನಾಮೆ ಕೊಡಲಿಲ್ಲ, ಕೆಲಸದಲ್ಲಿ ಶೈಥಿಲ್ಯ ತೋರಲಿಲ್ಲ. ಸಂಶಯವು ತಾನಾಗಿ ಕರಗಿತು. ಮುಂದೆ ಈ ಶಾಸನದ ಕಾರ್ಯದಲ್ಲಿಯೇ ಸಹಾಯಕರಾಗಿ ನಿಯುಕ್ತರಾಗಿ, 1887ರಲ್ಲಿ ಅವರೇ ವಿಶೇಷ ನ್ಯಾಯಾಧೀಶರಾದರು.

ಆ ಹುದ್ದೆಯೆಂದರೆ ಊರೂರು ಸಂಚಾರ. ಕೆಳಗಿನ ಕೋರ್ಟುಗಳ ದಫ್ತರಗಳನ್ನು ಪರಿಶೀಲಿಸುವುದು, ಅನ್ಯಾಯ ಕಂಡಲ್ಲಿ ತೀರ್ಪನ್ನು ತಿದ್ದುವುದು. ಶಿವಯೋಗಿ ಸಿದ್ಧರಾಮರ ಸೊಲ್ಲಾಪುರವೂ ಆ ವ್ಯಾಪ್ತಿಗೆ ಸೇರಿದ್ದುದರಿಂದ, ಆ ಜಿಲ್ಲೆಯ ಕನ್ನಡ ಮಾತಿನ ಒಕ್ಕಲುಗಳಿಗೂ ಈ ಶಾಸನದ ಆಸರೆ ಇತ್ತು.

ಕಾಶೀನಾಥ ತ್ರ್ಯಂಬಕ ತೆಲಂಗರು 1893ರಲ್ಲಿ ತೀರಿಕೊಂಡ ಮೇಲೆ ರಾನಡೆಯವರು ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದರು. ಧಾರವಾಡ, ಬೆಳಗಾವಿ, ವಿಜಾಪುರಗಳ ವ್ಯಾಜ್ಯಗಳೂ ಮೇಲ್ಮನವಿಗಾಗಿ ಹೋಗುತ್ತಿದ್ದುದು ಆ ಹೈಕೋರ್ಟಿಗೇ.

ಅವರಲ್ಲಿ ದೌರ್ಬಲ್ಯವಿರಲಿಲ್ಲವೆಂದಲ್ಲ. ವಿಧವಾ ವಿವಾಹವನ್ನು ಪ್ರತಿಪಾದಿಸಿದ ಅವರೇ, ಪತ್ನಿಯು ತೀರಿಕೊಂಡಾಗ, 1873ರಲ್ಲಿ ತಂದೆಯ ಒತ್ತಾಯಕ್ಕೆ ಮಣಿದು 11 ವರ್ಷದ ಬಾಲಿಕೆಯನ್ನು ವರಿಸಿದರು. ಟೀಕಾಕಾರರು ಇದನ್ನು ಎಂದೂ ಮರೆಯಲಿಲ್ಲ. ಮರೆಯಬೇಕೆಂದು ನಾವೂ ಹೇಳಲಾರೆವು. ಆ ಬಾಲಿಕೆಗೆ ರಾನಡೆಯವರು ತಾವೇ ಓದು ಬರಹ ಕಲಿಸಿದರು. 1901ರ ಜನವರಿ 16ರಂದು ಅವರು ದಿವಂಗತರಾದ ಮೇಲೆ ಆಕೆ, ರಮಾಬಾಯಿ ರಾನಡೆ, ಪುಣೆಯ ಸೇವಾ ಸದನವನ್ನು ಕಟ್ಟಿದರು. ಪತಿಯ ನೆನಪುಗಳನ್ನು ಮರಾಠಿಯಲ್ಲಿ ಬರೆದು 1910ರಲ್ಲಿ ಪ್ರಕಟಿಸಿದರು.