ವಿವೇಕದ ತಕ್ಕಡಿ ಮತ್ತು ಅಲ್ ಖಾಝಿನಿ

ಇಂಜಿನಿಯರಿಂಗ್ ತರಗತಿಗೆ ಕಾಲಿಟ್ಟ ವಿದ್ಯಾರ್ಥಿಗೆ ಮೊದಲು ಎದುರಾಗುವ ಲೆಕ್ಕಗಳಲ್ಲಿ ಮೂರು ಬಗೆಯವು ಮುಖ್ಯ. ಬಲ ಮತ್ತು ಸಮತೋಲನದ ಲೆಕ್ಕ, ವಸ್ತುಗಳ ಗುಣದ ಲೆಕ್ಕ, ಶಾಖದ ಲೆಕ್ಕ. ಈ ಮೂರನ್ನೂ ಒಂದೇ ಉಪಕರಣದಲ್ಲಿ ಎದುರಿಸಿದ ವಿದ್ವಾಂಸರೊಬ್ಬರು ಸುಮಾರು 900 ವರ್ಷಗಳ ಹಿಂದೆ ಬಾಳಿದ್ದರು. ಅವರ ಹೆಸರು ಅಬ್ದುರ್ರಹ್ಮಾನ್ ಅಲ್ ಖಾಝಿನಿ. ಇಬ್ನು ಸೀನಾ, ಅಲ್ ಖ್ವಾರಿಝ್ಮಿ ಮೊದಲಾದವರ ಹೆಸರು ಬಲ್ಲ ನಮ್ಮಲ್ಲಿ ಹಲವರಿಗೆ ಈ ಹೆಸರು ಹೊಸದು.

ಖಾಝಿನಿ ಬಾಳಿದ್ದು ಇಂದಿನ ತುರ್ಕಮೆನಿಸ್ತಾನದಲ್ಲಿರುವ ಮರ್ವ್ ನಗರದಲ್ಲಿ. ಅವರು ಗ್ರೀಕ್ ಮೂಲದ ಗುಲಾಮರಾಗಿದ್ದರು. ಅವರ ಪ್ರತಿಭೆಯನ್ನು ಗುರುತಿಸಿದ ಒಡೆಯನು ಗಣಿತ, ತತ್ವಶಾಸ್ತ್ರಗಳ ಶಿಕ್ಷಣ ಕೊಡಿಸಿದನು. ಮುಂದೆ ಅವರು ಸೆಲ್ಜುಕ್ ಸುಲ್ತಾನ್ ಸಂಜರನ ಆಸ್ಥಾನದ ಖಗೋಳ ವಿಜ್ಞಾನಿಯಾದರು. ದರಬಾರಿನ ಕಡೆಯಿಂದ ಬಂದ ಸಾವಿರ ದೀನಾರುಗಳ ಕಾಣಿಕೆಯನ್ನು, ತಮಗೆ ವರ್ಷಕ್ಕೆ ಮೂರು ದೀನಾರು ಸಾಕೆಂದು ಅವರು ಹಿಂದಿರುಗಿಸಿದ್ದರೆಂದು ಚರಿತ್ರಕಾರರು ಬರೆದಿದ್ದಾರೆ.

ಆ ಕಾಲದ ಖಜಾನೆಗಳಿಗೆ ಒಂದು ದೊಡ್ಡ ತಲೆನೋವಿತ್ತು. ಚಿನ್ನದಲ್ಲಿ ಬೆಳ್ಳಿ ಬೆರೆತಿದ್ದರೆ ಆಭರಣವನ್ನು ಕರಗಿಸದೆ ಕಂಡುಹಿಡಿಯುವುದು ಹೇಗೆ? ನೀರಿನಲ್ಲಿ ಮುಳುಗಿದ ವಸ್ತು ತಾನು ಸರಿಸಿದ ನೀರಿನ ತೂಕದಷ್ಟು ಹಗುರವಾಗುತ್ತದೆ ಎಂಬ ಆರ್ಕಿಮಿಡೀಸನ ತತ್ವವೇ ಇದಕ್ಕೆ ದಾರಿ. ಅಲ್ ಬಿರೂನಿ ಹಲವು ಲೋಹ ಮತ್ತು ರತ್ನಗಳ ಸಾಪೇಕ್ಷ ಸಾಂದ್ರತೆಯನ್ನು ಅಳೆದಿದ್ದರು. ಉಮರ್ ಖಯ್ಯಾಮರು ಚಿನ್ನ-ಬೆಳ್ಳಿ ಮಿಶ್ರಣದ ಲೆಕ್ಕದ ಬಗ್ಗೆಯೇ ಪ್ರಬಂಧ ಬರೆದರು. ಅವರ ಸಮಕಾಲೀನರಾದ ಅಲ್ ಅಸ್ಫಿಝಾರಿ ಇದಕ್ಕಾಗಿ ಬಹು ಸೂಕ್ಷ್ಮವಾದ ತಕ್ಕಡಿಯೊಂದನ್ನು ನಿರ್ಮಿಸಿ ಸುಲ್ತಾನನ ಖಜಾನೆಗೆ ಒಪ್ಪಿಸಿದರು.

ಆದರೆ ಆ ತಕ್ಕಡಿ ಉಳಿಯಲಿಲ್ಲ. ತನ್ನ ವಂಚನೆ ಬಯಲಾದೀತೆಂದು ಹೆದರಿದ ಖಜಾಂಚಿ ಅದನ್ನು ಒಡೆದು ಹಾಕಿಸಿದನು. ಆ ದುಃಖದಲ್ಲಿಯೇ ಅಸ್ಫಿಝಾರಿ ತೀರಿಕೊಂಡರೆಂದು ದಾಖಲೆಗಳು ಹೇಳುತ್ತವೆ.

ಈ ಕೆಲಸವನ್ನು ಖಾಝಿನಿ ಮತ್ತೆ ಕೈಗೆತ್ತಿಕೊಂಡರು. ತಕ್ಕಡಿಯನ್ನು ಸುಧಾರಿಸಿ ಕಟ್ಟಿದ್ದಲ್ಲದೆ, ಅದನ್ನು ಕಟ್ಟುವ, ಹೊಂದಿಸುವ ಮತ್ತು ಬಳಸುವ ಕ್ರಮವನ್ನೆಲ್ಲ ಹಿಜರಿ 515, ಅಂದರೆ ಕ್ರಿ.ಶ. 1121ರ ಸುಮಾರಿಗೆ 'ಮೀಝಾನುಲ್ ಹಿಕ್ಮ', ಅಂದರೆ 'ವಿವೇಕದ ತಕ್ಕಡಿ' ಎಂಬ ಗ್ರಂಥದಲ್ಲಿ ಬರೆದಿಟ್ಟರು. ಬಿರೂನಿ, ಖಯ್ಯಾಮ್, ಅಸ್ಫಿಝಾರಿಯವರ ಕೊಡುಗೆಗಳನ್ನು ಅದರಲ್ಲಿ ಹೆಸರು ಹೇಳಿ ಸ್ಮರಿಸಿದರು. ಗ್ರಂಥ ಆರಂಭವಾಗುವುದೇ ನ್ಯಾಯದ ಮಹತ್ವವನ್ನು ಕುರಿತ ಮಾತುಗಳಿಂದ.

ತಕ್ಕಡಿಯ ದಂಡ ಸುಮಾರು ಎರಡು ಮೀಟರ್ ಉದ್ದ, ತಟ್ಟೆಗಳು ಐದು. ಒಂದು ತಟ್ಟೆ ನೀರಿನಲ್ಲಿ ಮುಳುಗುತ್ತಿತ್ತು. ದಂಡದ ಮೇಲೆ ಸರಿಸಬಹುದಾದ ತಟ್ಟೆಗಳು ಮಿಶ್ರಣದ ಪ್ರಮಾಣವನ್ನು ತೋರಿಸುತ್ತಿದ್ದವು.

ಇದರ ಹಿಂದಿನ ಲೆಕ್ಕ ನಮ್ಮ ಹೈಸ್ಕೂಲು ವಿದ್ಯಾರ್ಥಿಗಳಿಗೂ ಎಟಕುವಂಥದ್ದು. 1000 ಗ್ರಾಂ ತೂಕದ ಆಭರಣವೊಂದು ನೀರಿನಲ್ಲಿ 60.5 ಗ್ರಾಂ ಹಗುರವಾಯಿತು ಎನ್ನೋಣ. ಚಿನ್ನದ ಸಾಪೇಕ್ಷ ಸಾಂದ್ರತೆ 19.3, ಹಾಗಾಗಿ ಶುದ್ಧ ಚಿನ್ನವಾಗಿದ್ದರೆ 51.8 ಗ್ರಾಂ ಮಾತ್ರ ಹಗುರವಾಗಬೇಕಿತ್ತು. ಬೆಳ್ಳಿಯದು 10.5, ಪೂರ್ತಿ ಬೆಳ್ಳಿಯಾಗಿದ್ದರೆ 95.2 ಗ್ರಾಂ ಹಗುರವಾಗುತ್ತಿತ್ತು. ಇವೆರಡರ ಅಂತರ 43.4 ಗ್ರಾಂ. ನಮ್ಮ ಆಭರಣ ಶುದ್ಧ ಚಿನ್ನಕ್ಕಿಂತ 8.7 ಗ್ರಾಂ ಹೆಚ್ಚು ಹಗುರವಾಗಿದೆ. 8.7ನ್ನು 43.4ರಿಂದ ಭಾಗಿಸಿದರೆ ಐದರಲ್ಲಿ ಒಂದು ಪಾಲು ಬೆಳ್ಳಿ ಎಂದು ತಿಳಿಯುತ್ತದೆ. ಆಭರಣಕ್ಕೆ ಒಂದು ಗೀರೂ ಬೀಳದೆ ಸತ್ಯ ಹೊರಬಂತು!

ಇನ್ನು ಶಾಖದ ವಿಷಯ. ಬಿಸಿ ನೀರಿಗಿಂತ ತಣ್ಣೀರಿನ ಸಾಂದ್ರತೆ ಹೆಚ್ಚು. ಆದ್ದರಿಂದ ನೀರಿನ ಉಷ್ಣತೆ ಬದಲಾದರೆ ತೂಕದ ಫಲಿತಾಂಶವೂ ಬದಲಾಗುತ್ತದೆ ಎಂಬುದನ್ನು ಖಾಝಿನಿ ಗಮನಿಸಿದ್ದರು. ಗಾಳಿಯೂ ವಸ್ತುವನ್ನು ತುಸು ಹಗುರವಾಗಿಸುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಥರ್ಮಾಮೀಟರ್ ಇಲ್ಲದ ಆ ಕಾಲದಲ್ಲಿ ಅವರ ಗ್ರಂಥ ಕೊಡುವ ಅಂಕಿಗಳು ಆಶ್ಚರ್ಯ ಹುಟ್ಟಿಸುತ್ತವೆ. ಚಿನ್ನ 19.05, ಪಾದರಸ 13.56, ಸೀಸ 11.32, ಕಬ್ಬಿಣ 7.74. ಇಂದಿನ ಪಠ್ಯಪುಸ್ತಕದಲ್ಲಿ ಸೀಸದ ಅಂಕಿ 11.34, ಕಬ್ಬಿಣದ್ದು 7.87.

ಗ್ರಂಥ ಮುಗಿದು ನೂರು ವರ್ಷವಾಗುವಷ್ಟರಲ್ಲಿ, 1221ರಲ್ಲಿ, ಮಂಗೋಲರು ಮರ್ವ್ ನಗರವನ್ನು ನಾಶ ಮಾಡಿದರು. ಖಾಝಿನಿಯ ತಕ್ಕಡಿ ಇಂದು ಎಲ್ಲಿಯೂ ಇಲ್ಲ. ಆದರೆ ಗ್ರಂಥದ ಪ್ರತಿಗಳು ಉಳಿದವು. 19ನೇ ಶತಮಾನದಲ್ಲಿ ರಷ್ಯಾದ ರಾಜತಂತ್ರಜ್ಞ ಖಾನಿಕೋಫ್ ಅದರ ಭಾಗಗಳನ್ನು ಅಮೆರಿಕದ ವಿದ್ವತ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿ ಜಗತ್ತಿನ ಗಮನಕ್ಕೆ ತಂದರು. ನಮ್ಮ ನೆರೆಯ ಹೈದರಾಬಾದಿನ ದಾಇರತುಲ್ ಮಆರಿಫ್ ಸಂಸ್ಥೆಯು ಹಿಜರಿ 1359ರಲ್ಲಿ ಅರಬಿ ಮೂಲವನ್ನು ಮುದ್ರಿಸಿತು.

'ನಮ್ಮ ಪೂರ್ವಿಕರು ಅದನ್ನು ಕಂಡುಹಿಡಿದರು, ಇದನ್ನು ಕಂಡುಹಿಡಿದರು' ಎಂದು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಖಾಝಿನಿಯಿಂದ ಕಲಿಯಬೇಕಾದದ್ದು ಬೇರೆ ಇದೆ. ಉತ್ತರವಷ್ಟೇ ಬರೆದು ಹಂತಗಳನ್ನು ಬಿಟ್ಟರೆ ನಮ್ಮ ಅಧ್ಯಾಪಕರು ಅಂಕ ಕಳೆಯುತ್ತಾರೆ, ನಾವು ಗೊಣಗುತ್ತೇವೆ. ಅಸ್ಫಿಝಾರಿಯ ತಕ್ಕಡಿಯನ್ನು ಒಬ್ಬ ವಂಚಕ ಒಂದೇ ದಿನದಲ್ಲಿ ಇಲ್ಲವಾಗಿಸಿದ. ಖಾಝಿನಿ ಹಂತ ಹಂತವಾಗಿ ಬರೆದಿಟ್ಟ ಲೆಕ್ಕವನ್ನು ಒಂದು ಸಾಮ್ರಾಜ್ಯದ ಪತನವೂ ಅಳಿಸಲಾಗಲಿಲ್ಲ. ಪ್ರಿಯ ವಿದ್ಯಾರ್ಥಿಗಳೇ, ಮುಂದಿನ ಪರೀಕ್ಷೆಯಲ್ಲಿ ಹಂತಗಳನ್ನು ಬರೆಯುವಾಗ ಈ ಮಾತು ನಿಮಗೆ ನೆನಪಿರಲಿ.