ಹುಡುಕದೇ ಸಿಗುತ್ತಿದ್ದ ಸಂಗೀತ

“ಯೂತ್‌ಗೆ ಶಾಸ್ತ್ರೀಯ ಸಂಗೀತ ಯಾಕೆ, ಸಿನಿಮಾ ಹಾಡು ಹಾಕ್ರಿ ಸಾಕು.” ಆಕಾಶವಾಣಿಯ ಮಾತು ಬಂದಾಗೆಲ್ಲ ಯಾರಾದರೊಬ್ಬರು ಹೀಗೆ ಹೇಳೇ ಹೇಳ್ತಾರೆ. ಜಗಳ ಹಳೇದು. ತಮಾಷೆ ಅಂದರೆ, ಆಗ ಕತ್ತರಿ ಬಿದ್ದಿದ್ದು ಸಿನಿಮಾ ಹಾಡಿಗೆ!

ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಶುರು ಮಾಡಿದ್ದರು. ಅವರ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೊಗೆ ಬಂತು. 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್‌ಗೆ ಸಿನಿಮಾ ಹಾಡೆಂದರೆ ಆಗದು. ಅವರ ಕಾಲದಲ್ಲಿ ಶಾಸ್ತ್ರೀಯ ಸಂಗೀತಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಬಂತು, ಅರಮನೆಗಳ ಆಶ್ರಯ ತಪ್ಪಿದ ಕಲಾವಿದರಿಗೆ ಸಂಬಳ ಸಿಕ್ಕಿತು. ಕೇಳುಗರು ಮಾತ್ರ ಸಿನಿಮಾ ಹಾಡಿಗಾಗಿ ರೇಡಿಯೊ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಬಲವಂತದಿಂದ ಅಭಿರುಚಿ ಬೆಳೆಯೋದಿಲ್ಲ ಅನ್ನೋದು ಆಗಲೇ ಸಾಬೀತಾಗಿತ್ತು.

ಹಾಗಾದರೆ ಶಾಸ್ತ್ರೀಯ ಸಂಗೀತ ತೆಗೆದುಬಿಡೋದೇ ಸರಿಯಾ? ಇಲ್ಲಿ ನಮ್ಮೂರ ಕಡೆಯ ಲೆಕ್ಕ ಬೇರೆ ಇದೆ.

1955ರಲ್ಲಿ ಬೆಂಗಳೂರಿಗೆ ಹೋಗಿದ್ದ ನಿಲಯ ಮೈಸೂರಿಗೆ ಮತ್ತೆ ಸಿಕ್ಕಿದ್ದು 1974ರಲ್ಲಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಮ್ಮ ನಾಗಮಂಗಲ, ಎಲ್ಲ ಕಡೆಗೂ ರೇಡಿಯೊ ಅಂದರೆ ಮೈಸೂರು ಸ್ಟೇಷನ್ನೇ. ಕೃಷಿರಂಗಕ್ಕೂ ಪ್ರದೇಶ ಸಮಾಚಾರಕ್ಕೂ ಹಾಕಿದ ರೇಡಿಯೊವನ್ನು ನಡುವೆ ಯಾರೂ ಆರಿಸುತ್ತಿರಲಿಲ್ಲ. ಆ ಸಂದಿನಲ್ಲಿ ವೀಣೆ, ಗಾಯನ ಕಿವಿಗೆ ಬೀಳುತ್ತಿತ್ತು. ನಮ್ಮಜ್ಜಿಗೆ ಒಂದು ರಾಗದ ಹೆಸರೂ ಗೊತ್ತಿರಲಿಲ್ಲ. ಅವರೇಕಾಯಿ ಬಿಡಿಸುತ್ತಾ, “ಈ ಹೆಣ್ಮಗಳು ಸಂದಾಗಿ ಹಾಡ್ತಾವ್ಳೆ ಕಣ್ಲಾ” ಅನ್ನೋರು. ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯಗಳೂ ಪುಸ್ತಕಕ್ಕಿಂತ ಮೊದಲು ನಮಗೆ ಸಿಕ್ಕಿದ್ದು ಹಾಡಾಗಿ, ಇದೇ ಡಬ್ಬಿಯಿಂದ. ಸಭೆಗೆ ಟಿಕೆಟ್ ತಗೊಂಡು ಹೋಗುವ ಮನೆತನ ನಮ್ಮದಲ್ಲ. ಸಂಗೀತವೇ ಜಗುಲಿಗೆ ಬರುತ್ತಿತ್ತು.

2016ರ ಜನವರಿ 26ರಂದು ಬೆಂಗಳೂರಿನಿಂದ ‘ರಾಗಂ’ ಶುರುವಾಯ್ತು. ದಿನದ 24 ಗಂಟೆಯೂ ಶಾಸ್ತ್ರೀಯ ಸಂಗೀತ. ಒಳ್ಳೇದೇ. ಆದರೆ ಅಲ್ಲಿಗೆ ಹೋಗುವವರು ಬೇಕು ಅಂತ ಹುಡುಕಿಕೊಂಡು ಹೋಗುವವರು. ನಮ್ಮಜ್ಜಿ ಹುಡುಕುತ್ತಿರಲಿಲ್ಲ.

ನಮ್ಮ ಫೋನಿನ ಆ್ಯಪ್‌ಗಳೂ ಹಾಗೇ ಅಲ್ವಾ? ನಿನ್ನೆ ಕೇಳಿದ್ದನ್ನೇ ಇವತ್ತು ತಿರುಗಿಸಿ ಕೊಡುತ್ತವೆ. ಅಂಥ ಸಾಫ್ಟ್‌ವೇರ್ ಬರೆಯುವ ಕಸುಬಿನವನಾಗಿ ಹೇಳ್ತೀನಿ: ಕೇಳದವರ ಕಿವಿಗೂ ಹೊಸದೊಂದನ್ನು ಹಾಕುವ ಕೆಲಸ ಲಾಭದ ಕಂಪನಿಗೆ ಬೇಕಿಲ್ಲ. ಅದು ಸರ್ಕಾರಿ ರೇಡಿಯೊ ಮಾಡಬೇಕಾದ ಕೆಲಸ. ಭತ್ತದ ರೋಗಕ್ಕೂ ಸಿನಿಮಾ ಹಾಡಿಗೂ ನಡುವೆ ಅರ್ಧ ಗಂಟೆ ಸಂಗೀತ ಉಳಿಸಿಕೊಂಡರೂ ಸಾಕು.